ಹೊಳೆ ದಂಡೆಯ ಸಂಬಂಧ

ಮಗಳನ್ನು ಕೊಡಬೇಕೆಂದಿದ್ದ ಮನೆಯನ್ನು ನೋಡಲು ಹೋಗಿದ್ದೆವು. ಹುಡುಗ ಒಳ್ಳೆಯವನು, ಮನೆಯೂ ದೊಡ್ಡದು. ಆದರೆ ಹಿತ್ತಲಿನಾಚೆ ಹೊಳೆ ಕಂಡದ್ದೇ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಹಸುಗೂಸಾಗಿದ್ದ ಇದೇ ಮಗಳನ್ನು ಎದೆಗವಚಿಕೊಂಡು, ಸೊಂಟದವರೆಗಿನ ನೆರೆನೀರಿನಲ್ಲಿ ಮನೆ ಬಿಟ್ಟು ಬಂದವಳು ನಾನು. ಅವಳಿಗೆ ಆ ಪಾಡು ಬೇಡ.

“ಮಳಿಗಾಲದಾಗ ನೀರು ಮನಿಯೊಳಗ ಬರತೈತೇನ್ರಿ?” ಎಂದು ಕೇಳಿಯೇಬಿಟ್ಟೆ.

ಹುಡುಗನ ತಂದೆ ನಕ್ಕರು. “ಡ್ಯಾಮಿನ ಗೇಟ್ ಎಲ್ಲಾ ತೆಗದ್ರೂ ಹೊಳಿ ನಮ್ಮ ಕಟ್ಟಿತನಕ ಬಂದು, ಕೈಮುಗದು ಹೊಳ್ಳಿ ಹೋಗತೈತ್ರಿ ಬೀಗತ್ಯಾರ!”

ಜೊತೆಗೆ ಬಂದಿದ್ದ ನನ್ನಣ್ಣನೂ ನಕ್ಕ. “ನಮ್ಮ ತಂಗಿ ಹಂಗರೀ. ಕೊಡ ಚೆಲ್ಲಿದ್ರೂ ಮಹಾಪೂರ ಬಂತು ಅಂತಾಳ.”

ನಾನು ಎದ್ದು ಮನೆಯೆಲ್ಲ ಸುತ್ತಾಡಿದೆ. ಗೋಡೆಗಳಿಗೆ ಆಗಷ್ಟೇ ಬಣ್ಣ ಬಳಿದಿತ್ತು. ಜೋಳದ ಚೀಲಗಳೆಲ್ಲ ಅಟ್ಟದ ಮೇಲಿದ್ದವು.

“ಇಲಿ ಕಾಟ ಭಾಳ್ರಿ,” ಎಂದು ಹುಡುಗನ ತಂದೆ ಹಿಂದಿನಿಂದ ಕೂಗಿ ಹೇಳಿದರು.

ಅಡುಗೆಮನೆಯಲ್ಲಿ ಹುಡುಗನ ತಾಯಿ ಒಬ್ಬರೇ ಚಹಾ ಸೋಸುತ್ತಿದ್ದರು. ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. “ಅಕ್ಕಾರ, ನನ್ನ ಮಗಳು ನಾಳೆ ಈ ಮನ್ಯಾಗ ಕೂಸು ಹಡದು ಮಲಗಾಕಿ. ಖರೇ ಹೇಳ್ರಿ, ನೀರು ಬರೂದಿಲ್ಲೇನು?”

ಅವರು ಪಡಸಾಲೆಯ ಕಡೆ ಒಮ್ಮೆ ಇಣುಕಿ ನೋಡಿದರು. ಚಹಾದ ಪಾತ್ರೆ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

“ಬರೂದಿಲ್ಲ ಅಂತ ನಮ್ಮವ್ವಗೂ ಹೇಳಿದ್ರವ್ವಾ.”