ಹೆಪ್ಸಿಬಾ ಹೋಗುತ್ತಿದ್ದ ಮನೆ

ಸಮುದ್ರದಾಚೆಯ ಆ ಹಳ್ಳಿಗೆ ಒಂದು ತಿಂಗಳ ಸುವಾರ್ತಾ ಸೇವೆಗೆಂದು ಬಂದ ಹುಬ್ಬಳ್ಳಿಯ ತಂಡದಲ್ಲಿ ಹೆಪ್ಸಿಬಾ ಒಬ್ಬಳೇ ನರ್ಸ್. ದಿನವೂ ಮಧ್ಯಾಹ್ನದ ಪ್ರಾರ್ಥನೆ ತಪ್ಪಿಸಿ, ಗಂಜಿಯ ಡಬ್ಬಿ ಹಿಡಿದು ಎಲ್ಲಿಗೋ ಹೋಗುತ್ತಿದ್ದಳು. ಕೇಳಿದರೆ, "ಪೇಶಂಟ್ ಒಬ್ರದಾರ್ರಿ" ಎನ್ನುತ್ತಿದ್ದಳು. ಪಾಸ್ಟರ್ ದೇವಪ್ರಿಯರು ನಂಬಲಿಲ್ಲ. ಮೂರನೇ ವಾರ ಸದ್ದಿಲ್ಲದೆ ಅವಳನ್ನು ಹಿಂಬಾಲಿಸಿದರು.

ಊರಾಚೆಯ ಗುಡಿಸಲಿನಲ್ಲಿ ಅವಳು ಲಕ್ವ ಹೊಡೆದ ಗಂಡಸೊಬ್ಬನಿಗೆ ಗಂಜಿ ಕುಡಿಸುತ್ತಿದ್ದಳು.

"ಯಾರವ್ವಾ ಇಂವಾ? ನಮಗ್ಯಾಕ ಮುಚ್ಚಿಟ್ಟಿ?"

ಹೆಪ್ಸಿಬಾ ಅವನ ತುಟಿ ಒರೆಸಿದಳು.

"ಹತ್ತು ವರ್ಷದ ಹಿಂದ ಇಲ್ಲೇ ಸೇವಾಕ್ಕ ಬಂದಿದ್ದ ನಮ್ಮಣ್ಣನ್ನ ಕೊಂದು ಜೈಲಿಗೆ ಹೋಗಿದ್ದಾಂವರಿ."

ಪಾಸ್ಟರರ ಕಣ್ಣು ತುಂಬಿತು. "ಅಂಥಾವನ್ನೂ ಕ್ಷಮಿಸಿದೆಲ್ಲಾ ತಾಯಿ, ದೊಡ್ಡ ಮನಸು ನಿಂದು."

"ಇಲ್ರಿ, ಇನ್ನೂ ಆಗವಲ್ತು. ಅದಕ್ಕ ದಿನಾ ಬರ್ತೀನಿ."