ಮೂರನೇ ತೊಟ್ಟಿ

ಯಜಮಾನ ಬ್ಲೀಚಿಂಗ್ ಪುಡಿಯ ಚೀಲವನ್ನು ಮೂರನೇ ತೊಟ್ಟಿಯ ಪಕ್ಕಕ್ಕೆ ಎಳೆದು ತಂದು ಹೊಲಿಗೆಗೆ ಚಾಕು ಹಾಕಿದ. ತೊಟ್ಟಿಯೊಳಗೆ ನಾಲ್ಕು ಲಕ್ಷ ಸಿಗಡಿ ಮರಿ. ಅರ್ಧದಷ್ಟು ಇನ್ನೂ ಈಜುತ್ತಿದ್ದವು. ಪುಡಿ ಬಿದ್ದರೆ ರೋಗದ ಜೊತೆ ಅವೂ ಸಾಯುತ್ತಿದ್ದವು.

"ಮಾವ, ಒಂದು ದಿನ ತಡೀರಿ," ಎಂದಳು ಅವನ ಅಕ್ಕನ ಮಗಳು. ಅವಳು ಸಮುದ್ರದ ನೀರು ಪರೀಕ್ಷಿಸುವ ಲ್ಯಾಬಿನವಳು, ಬೆಳಿಗ್ಗೆಯಷ್ಟೇ ಬಂದಿದ್ದಳು.

"ತಡೆದು ಏನ್ ಮಾಡ್ಲಿ? ನೀನೇ ತಲೆ ಹಾಕಿ ನೋಡು." ತೊಟ್ಟಿಯ ಮೇಲೆ ಕಪ್ಪು ಟಾರ್ಪಾಲು ಎಳೆದ. ಮಟಮಟ ಮಧ್ಯಾಹ್ನದಲ್ಲೂ ಅದರಡಿಯ ನೀರು ಹಸಿರಾಗಿ ಮಿನುಗುತ್ತಿತ್ತು. ನೋಡಲು ಚೆಂದ, ಮರಿಗಳಿಗೆ ಯಮ. ಮಿನುಗುವುದು ನೀರಲ್ಲ, ಅದರಲ್ಲಿ ತುಂಬಿಕೊಂಡ ಬ್ಯಾಕ್ಟೀರಿಯಾ. ಮೊದಲನೇ ತೊಟ್ಟಿ ಹೀಗೇ ಪೂರ್ತಿ ಸತ್ತಿತ್ತು. ಎರಡನೆಯದು ಮಾತ್ರ ಎರಡು ದಿನ ಮಿನುಗಿ ತಾನಾಗಿಯೇ ಆರಿಹೋಗಿತ್ತು. ಅದರ ಮರಿಗಳು ಈಗ ಪುಟಿಯುತ್ತಿದ್ದವು.

"ಅದಕ್ಕೆ ಏನ್ ಹಾಕಿದ್ರಿ?"

"ಏನೂ ಇಲ್ಲ. ಚೊಕ್ಕವಾಗಿ ಇಟ್ಕೊಂಡ್ವಿ. ಬೇಕಾದ್ರೆ ಅವಳನ್ನೇ ಕೇಳು."

ತೊಟ್ಟಿ ನೋಡಿಕೊಳ್ಳುವವಳು ತಲೆಯೆತ್ತದೆ ಪೈಪು ಉಜ್ಜುತ್ತಿದ್ದಳು. ಇಲ್ಲಿ ಒಂದೊಂದು ತೊಟ್ಟಿಗೂ ಒಂದೊಂದು ಬಣ್ಣದ ಮಗ್ಗು. ಒಂದರ ಮಗ್ಗು ಇನ್ನೊಂದಕ್ಕೆ ಅದ್ದಿದರೆ ಅವತ್ತೇ ಮನೆಗೆ. ಈ ವರ್ಷ ಇಬ್ಬರು ಹಾಗೆ ಹೋಗಿದ್ದರು. ಐದು ದಿನದ ಹಿಂದೆ ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂದಾಗ, ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಸತ್ತ ತೊಟ್ಟಿಯ ಕೆಂಪು ಮಗ್ಗಿನಿಂದಲೇ, ಆಗ ಮಿನುಗುತ್ತಿದ್ದ ಎರಡನೆಯದಕ್ಕೆ ಮೇವು ಹಾಕಿಬಿಟ್ಟಿದ್ದಳು. ಬಾಯಿಬಿಟ್ಟಿರಲಿಲ್ಲ. ಬಿಡದಿದ್ದರೆ ಕೆಲಸ ಉಳಿಯುತ್ತಿತ್ತು.

ಚಾಕು ಇನ್ನೊಂದು ಹೊಲಿಗೆ ಕತ್ತರಿಸಿತು.

"ನಾನ್ ಮಾಡಿದ್ದು," ಎಂದಳು ಕೆಲಸದವಳು, ಪೈಪು ಕೆಳಗಿಟ್ಟು. ಮಿಕ್ಕಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಯಜಮಾನನ ಮುಖ ಕೆಂಡವಾಯಿತು. ಅವನು ಬಾಯಿ ತೆರೆಯುವ ಮೊದಲೇ ಅಕ್ಕನ ಮಗಳು ಕೆಲಸದವಳ ಒದ್ದೆ ಕೈ ಹಿಡಿದುಕೊಂಡಳು. "ಆಗ ಮೊದಲನೇ ತೊಟ್ಟಿ ಇನ್ನೂ ಮಿನುಗ್ತಿತ್ತಾ?"

"ಇಲ್ಲ ಕಣಮ್ಮ. ಮರಿ ಸತ್ತ ಮೇಲೆ ಅದೂ ಆರಿತ್ತು."

"ಹಾಗಾದ್ರೆ ಬ್ಯಾಕ್ಟೀರಿಯಾಕ್ಕೇ ವೈರಸ್ ತಗಲಿದೆ! ಸಮುದ್ರದ ತುಂಬ ಇರ್ತವೆ ಅಂಥವು. ಅಲ್ಲಿಂದ ಬರೋ ನೀರನ್ನ ನೀವು ಸೋಸೀ ಸೋಸೀ ಅವನ್ನೂ ಓಡಿಸಿಬಿಟ್ಟಿದೀರಿ, ಮಾವ. ಯಾವ ಸಂದಿಲೋ ನುಸುಳಿ ಬಂದಿದ್ದನ್ನ ಇವರು ಮಗ್ಗಲ್ಲಿ ದಾಟಿಸಿದ್ದಾರೆ."

"ಬ್ಯಾಕ್ಟೀರಿಯಾಕ್ಕೂ ಕಾಯಿಲೆಯಾ?" ಎಂದ ಯಜಮಾನ.

"ಹೂಂ. ರಜೆ ಹಾಕಿ ಮಲಗೋಕೂ ಪುರುಸೊತ್ತಿರಲ್ಲ ಪಾಪ. ವೈರಸ್ ಒಳಗೆ ಹೊಕ್ಕು, ಸಂಸಾರ ಬೆಳೆಸಿ, ಮನೇನೇ ಒಡ್ಕೊಂಡು ಹೊರಗೆ ಬರುತ್ತೆ. ಸಿಗಡಿ ತಂಟೆಗೆ ಬರಲ್ಲ, ನಮ್ಮ ತಂಟೆಗೂ ಬರಲ್ಲ."

ಯಜಮಾನ ಚಾಕು ಮಡಚಿದ. "ನಾಳೆ ಇಷ್ಟು ಹೊತ್ತಿನವರೆಗೆ. ನಿನ್ನ ವಿಚಾರಾನೂ ಆವಾಗ್ಲೇ," ಎಂದ ಕೆಲಸದವಳಿಗೆ.

ಎರಡನೇ ತೊಟ್ಟಿಯ ನೀರನ್ನು ವೈರಸ್ ಮಾತ್ರ ದಾಟಿ ಬ್ಯಾಕ್ಟೀರಿಯಾ ನುಸುಳದಷ್ಟು ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ, ಬಕೆಟ್ ಬಕೆಟ್ಟಾಗಿ ಮೂರನೆಯದಕ್ಕೆ ಸುರಿದರು.

ಮರುದಿನ ಮಧ್ಯಾಹ್ನ ಯಜಮಾನನಿಗೆ ಟಾರ್ಪಾಲಿನಡಿ ತಲೆ ಹಾಕುವ ಧೈರ್ಯವಾಗಲಿಲ್ಲ. "ನೀನೇ ನೋಡು," ಎಂದು ಕೆಲಸದವಳನ್ನು ಮುಂದೆ ಬಿಟ್ಟ.

ಒಳಗೆ ಏನೂ ಕಾಣಲಿಲ್ಲ. ಕಣ್ಣು ಇನ್ನೂ ಹೊಂದಿಕೊಂಡಿಲ್ಲವೆಂದುಕೊಂಡು ಕಾದಳು. ನೂರರವರೆಗೆ ಎಣಿಸಿದಳು. ಆಗಲೂ ಕಾಡಿಗೆಯಂಥ ಕತ್ತಲು.

"ಏನಾಯ್ತೇ?" ಹೊರಗಿನಿಂದ ಯಜಮಾನ ಕೂಗಿದ. "ಎಷ್ಟು ಹೊತ್ತು ಅಲ್ಲೇ ನಿಂತಿರ್ತೀಯ? ಮೇವಿನ ಹೊತ್ತಾಯ್ತು, ಯಾರು ಹಾಕ್ತಾರೆ, ನಾನಾ?"

ನೀರಿಗೆ ಕೈ ಇಳಿಬಿಟ್ಟಳು. ಆ ಕತ್ತಲಲ್ಲಿ ರೆಪ್ಪೆಗೂದಲಿನಷ್ಟು ಸಣ್ಣದೊಂದು ಜೀವ ಅವಳ ಅಂಗೈಗೆ ಒದೆಯಿತು. ಆಮೇಲೆ ಇನ್ನೊಂದು.