ಬೆಳಕಿನಂಗಡಿಯ ಕೊಸರು

ನಮ್ಮ ಬಡಾವಣೆಯಲ್ಲಿ ಏನೇ ಕಟ್ಟುವುದಿದ್ದರೂ ಮೊದಲು ಅದರ ರೂಪವನ್ನು ಬರೀ ಬೆಳಕಿನಿಂದ ನಿಲ್ಲಿಸಿ, ಒಂದು ದಿನ ನಮ್ಮನ್ನು ಅದರೊಳಗೆ ಓಡಾಡಲು ಬಿಡುತ್ತಾರೆ. ಬೇಕೋ ಬೇಡವೋ ಎಂದು ಸಂಜೆ ನಾವು ಕೈ ಎತ್ತಿ ಹೇಳಬೇಕು. ಈ ಸಲ ಬಂದದ್ದು ಸೂಪರ್‌ ಮಾರ್ಕೆಟ್ಟು, ಅದೂ ತಾಯಕ್ಕ ತರಕಾರಿ ಮಾರುವ ಜಾಗದಲ್ಲಿ. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ತಾಯಕ್ಕನೂ ನೋಡಲು ಬಂದಿದ್ದಳು.

ನಮ್ಮತ್ತೆಗೆ ಅಂಗಡಿ ಬಹಳ ಹಿಡಿಸಿತು. ಬೆಳಕಿನ ಬದನೆಕಾಯಿಗಳನ್ನು ತಿರುಗಿಸಿ ತಿರುಗಿಸಿ ನೋಡಿ ಆರಿಸಿದರು. ಅಂಗಡಿಯ ಯಂತ್ರ ತೂಗಿ ಅವರ ಚೀಲಕ್ಕೆ ಹಾಕಿತು. ಅತ್ತೆ ಚೀಲದ ಬಾಯಿ ಅಗಲಿಸಿಕೊಂಡು ನಿಂತೇ ಇದ್ದರು.

"ತೂಕ ಸರಿಯಾಗಿದೆ," ಎಂದಿತು ಯಂತ್ರ.

"ಸರಿಯಾಗೇ ಐತೆ ಕಣಪ್ಪಾ, ಯಾರು ಇಲ್ಲ ಅಂದ್ರು? ಕೊಸರು ಹಾಕು."

"ಕೊಸರು ಎಂದರೇನು?"

ಸಾಲಿನಲ್ಲಿ ಹಿಂದೆ ನಿಂತಿದ್ದ ತಾಯಕ್ಕನಿಗೆ ತಡೆಯಲಾಗಲಿಲ್ಲ.

"ಬುಡಿ ಅಮ್ಮಾರೆ, ಪಾಪ, ಅದಕ್ಕೇನ್ ಗೊತ್ತು," ಎನ್ನುತ್ತ ತನ್ನ ಬುಟ್ಟಿಯಿಂದ ಒಂದೆಸಳು ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ ತೆಗೆದು ಅತ್ತೆಯ ಚೀಲಕ್ಕೆ ಹಾಕಿದಳು.

ಸಂಜೆ ಬೆಳಕು ಆರಿಸಿದರು. ಅಂಗಡಿ ಹೋಯಿತು, ಬದನೆಕಾಯಿಯೂ ಹೋಯಿತು. ಅತ್ತೆ ಚೀಲದೊಳಗೆ ಇಣುಕಿದರು. ತಳದಲ್ಲಿ ಕರಿಬೇವು, ಮೆಣಸಿನಕಾಯಿ ಹಾಗೇ ಇದ್ದವು.

"ಅಂಗಡಿ ಬೇಡ ಅನ್ನೋರು ಯಾರು?" ಎಂದು ಕಟ್ಟುವವರು ಕೇಳಿದಾಗ ಅತ್ತೆ ಚೀಲ ಹಿಡಿದ ಕೈಯನ್ನೇ ಎತ್ತಿದರು.